ಚಟ್ನಿ ತಟ್ಟೆಯ ಬಿಳಿ

ಅಂಧೇರಿಯ ಸ್ಟುಡಿಯೋ ಒಂದರಲ್ಲಿ ಕಂಪ್ಯೂಟರಿನ ಮುಂದೆ ಕೂತು ಕಂಡವರ ಮುಖಕ್ಕೆ ಬೆಳಕು ಹಾಕುವುದು ನನ್ನ ಕೆಲಸ. ನಟಿಯಾಗಲು ಬಂದವರು, ಗಂಡು ಹುಡುಕುತ್ತಿರುವವರು, ಎಲ್ಲರ ಕಣ್ಣಿನ ಕೆಳಗಿನ ಕಪ್ಪನ್ನೂ ಮೂಗಿನ ಪಕ್ಕದ ನೆರಳನ್ನೂ ತಿಳಿಯಾಗಿಸುತ್ತೇನೆ. ಇದರ ಮೊದಲ ಪಾಠ ಒಂದೇ. ಚಿತ್ರದಲ್ಲಿ ನಿಜಕ್ಕೂ ಬಿಳಿಯಾದದ್ದು ಯಾವುದೆಂದು ಹುಡುಕಿ ಅದರ ಮೇಲೆ ಮೌಸ್ ಒತ್ತಬೇಕು. ಆಗ ಬಲ್ಬಿನ ಹಳದಿಯೆಲ್ಲ ಕಳಚಿ ಚರ್ಮ ತನ್ನ ಬಣ್ಣಕ್ಕೆ ಬರುತ್ತದೆ.

ಅಕ್ಕ-ಭಾವನ ಮದುವೆಯಾಗಿ ಇಪ್ಪತ್ತೈದು ವರ್ಷವಾದಾಗ ಇಟ್ಟುಕೊಂಡ ಊಟದ ಫೋಟೋಗಳಿಗೂ ಹಾಗೇ ಮಾಡಿದೆ. ಹಾಲ್‌ನ ದೀಪಕ್ಕೆ ಎಲ್ಲರೂ ಅರಸಿನ ಮೆತ್ತಿಕೊಂಡವರ ಹಾಗೆ ಕಾಣುತ್ತಿದ್ದರು. ಭಾವನ ಬಿಳಿ ಪಂಚೆಯ ಮೇಲೆ ಒತ್ತಿದೆ. ಪಂಚೆ ಬಿಳಿಯಾಯಿತು, ಅಕ್ಕ ಸರಿಯಾದಳು, ನೆಂಟರೆಲ್ಲ ಸರಿಯಾದರು. ಭಾವ ಮಾತ್ರ ಹಳದಿಯಾಗಿಯೇ ಉಳಿದರು. ಚಿತ್ರ ದೊಡ್ಡದು ಮಾಡಿ ಅವರ ಕಣ್ಣು ನೋಡಿದೆ. ಕಣ್ಣಿನ ಬಿಳಿಯೂ ಹಳದಿ.

ಭಾವ ಬೈಕುಲ್ಲಾದ ಉಡುಪಿ ಹೋಟೆಲೊಂದರ ಮ್ಯಾನೇಜರ್. ಕಪ್ಪು ಮೈಬಣ್ಣ, ಹಳದಿ ಸುಲಭಕ್ಕೆ ಕಾಣುವ ಮೈಯಲ್ಲ. ಮರುದಿನವೇ ಹೋಗಿ ಹೇಳಿದರೆ ನಕ್ಕುಬಿಟ್ಟರು.

"ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತ ಉಂಟಲ್ಲ, ಹಾಗೆ. ಮೊದ್ಲು ನಿನ್ನ ಕಣ್ಣು ತೋರ್ಸು ಮಾರಾಯ್ತಿ."

ಅವರ ಅಣ್ಣ ಆಪರೇಶನ್‌ಗೆಂದು ಹೋದವರು ಮರಳಿ ಬಂದಿರಲಿಲ್ಲ. ಅಂದಿನಿಂದ ಆಸ್ಪತ್ರೆಯ ಹೆಸರೆತ್ತಿದರೆ ಸಾಕು, ಭಾವ ಎದ್ದು ಹೋಗುತ್ತಿದ್ದರು. ಕಾಮಾಲೆಗೆ ಇಂಗ್ಲಿಷ್ ಮದ್ದೇ ಇಲ್ಲ ಎಂದು ನಮ್ಮ ಕಡೆಯವರೆಲ್ಲ ನಂಬಿದ ಹಾಗೆ ಅಕ್ಕನೂ ನಂಬಿದ್ದಳು. ಊರಿನಿಂದ ಬಸ್ಸಿನಲ್ಲಿ ಬೇರಿನ ಮದ್ದು ಬಂತು. ಎಣ್ಣೆಯಿಲ್ಲ, ಉಪ್ಪಿಲ್ಲ, ಬರೀ ಗಂಜಿ. ವಡೆ ಕರಿಯುವ ವಾಸನೆಯ ನಡುವೆ ಗಲ್ಲಾದಲ್ಲಿ ಕೂತು ಭಾವ ಪಥ್ಯ ಮಾಡಿದರು. ಅಕ್ಕ ತನಗೂ ಅದೇ ಗಂಜಿ ಬಡಿಸಿಕೊಳ್ಳುತ್ತಿದ್ದಳು. ಅದನ್ನೂ ಅರ್ಧಕ್ಕೇ ಬಿಟ್ಟು ಏಳುತ್ತಿದ್ದಳು.

ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಕೂಗಾಡಿ ಇಬ್ಬರನ್ನೂ ಒಂದು ಮಾತಿಗೆ ಒಪ್ಪಿಸಿದೆ. ದಿನಾ ಬೆಳಿಗ್ಗೆ ಭಾವ ತಮ್ಮ ಚಾಳಿನ ಮನೆಯ ಮುಂದಿನ ಗ್ಯಾಲರಿಯಲ್ಲಿ, ಹಗಲ ಬೆಳಕಿಗೆ ನಿಂತು, ಹೋಟೆಲಿನ ಬಿಳಿ ಚಟ್ನಿ ತಟ್ಟೆಯನ್ನು ಕೆನ್ನೆಯ ಪಕ್ಕ ಹಿಡಿದು, ನಮ್ಮಿಬ್ಬರಿಗೂ ಫೋಟೋ ಕಳಿಸಬೇಕು. ಹಳದಿ ಇಳಿಯದಿದ್ದರೆ ಆಸ್ಪತ್ರೆ. ಬಣ್ಣದ ವಿಷಯದಲ್ಲಿ ಅಕ್ಕನಿಗೆ ತನ್ನ ಕಣ್ಣಿಗಿಂತ ನನ್ನ ಮಾತಿನ ಮೇಲೆ ನಂಬಿಕೆ. ಪ್ರತಿದಿನ ನೋಡುವ ಮುಖ ಬದಲಾದದ್ದು ಮನೆಯವರಿಗೆ ಎಲ್ಲಿ ತಿಳಿಯುತ್ತದೆ?

ಹಳದಿ ಇಳಿಯಿತು. ಮೊದಮೊದಲು ಸ್ವಲ್ಪ, ಆಮೇಲೆ ನಿಚ್ಚಳವಾಗಿ. ಬೈಕುಲ್ಲಾಕ್ಕೆ ಹೋಗಲು ಬಿಡುವಾಗದೆ, ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ನಿಂತು ಫೋನಿನಲ್ಲೇ ನೋಡಿ, "ಇವತ್ತು ಇನ್ನೂ ಕಡಿಮೆ" ಎಂದು ಬರೆಯುತ್ತಿದ್ದೆ. ಬೇರಿಗೆ ಇಷ್ಟು ಶಕ್ತಿಯೇ ಎಂದು ನನಗೂ ಅನಿಸತೊಡಗಿತ್ತು. ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಒಂದು ಮಧ್ಯಾಹ್ನ ಗಿರಾಕಿಯೊಬ್ಬಳು ಬರುತ್ತೇನೆಂದವಳು ಬರಲಿಲ್ಲ. ಸುಮ್ಮನೆ ಕೂರಲಾಗದೆ ಅವತ್ತಿನ ಫೋಟೋವನ್ನು ದೊಡ್ಡ ಪರದೆಯಲ್ಲಿ ತೆರೆದೆ. ಚಟ್ನಿ ತಟ್ಟೆ ನೀಲಿಯಾಗಿತ್ತು. ಹಿಂದಿನ ಸುಣ್ಣದ ಗೋಡೆಯೂ ನೀಲಿ. ಚಿತ್ರದ ಹಳದಿಯನ್ನು ಯಾರೋ ತಗ್ಗಿಸಿದ್ದರು. ತಟ್ಟೆಯ ಮೇಲೆ ಒತ್ತಿದೆ. ತಟ್ಟೆ ಬಿಳಿಯಾಯಿತು, ಗೋಡೆ ಬಿಳಿಯಾಯಿತು, ಭಾವನ ಮುಖಕ್ಕೆ ಹಳದಿ ಮರಳಿ ಬಂತು. ಮೊದಲಿಗಿಂತ ಗಾಢವಾಗಿತ್ತು.

ಯಾರ ಕೆಲಸವೆಂದು ಕೇಳಬೇಕಾಗಿರಲಿಲ್ಲ. ಫೋನಿನಲ್ಲಿ ತಿಂಡಿ ತರಿಸಿಕೊಳ್ಳುವವರಿಗೆ ಹೋಟೆಲಿನ ಇಡ್ಲಿ ಬೆಳ್ಳಗೆ ಕಾಣಲೆಂದು, ಚಿತ್ರದ ಹಳದಿ ತಗ್ಗಿಸುವುದನ್ನು ಭಾವನಿಗೆ ಕಲಿಸಿದವಳು ನಾನೇ.

ನೇರ ಹೋಟೆಲಿಗೆ ಹೋಗಿ ಗಲ್ಲಾದಿಂದ ಎಬ್ಬಿಸಿದೆ. ನನ್ನ ಮುಖ ನೋಡಿ ಅವರು ಗಲ್ಲಾಕ್ಕೆ ಬೀಗ ಹಾಕಿ ಹಿಂದೆ ಬಂದರು. ಅಕ್ಕನಿಗೆ ಆಸ್ಪತ್ರೆ ತಲುಪಿದ ಮೇಲೆ ಫೋನ್ ಮಾಡಿದ್ದು. ಪಿತ್ತನಾಳವನ್ನು ಮುಚ್ಚಿದ ಗಡ್ಡೆ ಲಿವರಿಗೆ ಹರಡಿದೆ, ಮೊದಲೇ ಬಂದಿದ್ದರೆ ಆಪರೇಶನ್ ಮಾಡಬಹುದಿತ್ತೇನೋ ಎಂದರು ಡಾಕ್ಟರ್. ಅಕ್ಕ ಚಹಾ ತರಲು ಹೋದಾಗ ಭಾವನ ಹತ್ತಿರ ಕೂತು, ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದೆ. ಬೈಯಬೇಕೆಂದೇ ಕೂತಿದ್ದೆ, ಆಗಲಿಲ್ಲ.

"ಹೆದರಿಕೆ ಆಯ್ತು," ಎಂದರು. ಆಮೇಲೆ, "ನೀನು ಕಡಿಮೆ ಅಂತ ಬರೆದ ದಿನ ಅವಳು ಸರಿ ಊಟ ಮಾಡ್ತಿದ್ಳು ಮಾರಾಯ್ತಿ. ಅವಳಿಗೆ ಹೇಳ್ಬೇಡ."

ಅವರು ಮನೆಗೆ ಮರಳಲಿಲ್ಲ.

ಈಗ ಯಾರೇ ಮಾತಾಡಿಸಲು ಬಂದರೂ ಅಕ್ಕ ಫೋನ್ ತೆಗೆದು ಆ ಫೋಟೋಗಳನ್ನು ತೋರಿಸುತ್ತಾಳೆ.

"ನೋಡಿ, ದಿನ ದಿನ ಹೇಗೆ ಇಳಿದಿತ್ತು ಅಂತ. ಮದ್ದು ಹಿಡಿದಿತ್ತು. ಇವಳು ಹಠ ಮಾಡಿ ಆಸ್ಪತ್ರೆಗೆ ಹಾಕಿದ್ದು. ಅಲ್ಲಿಗೆ ಹೋದ ಮೇಲೇ ಕೆಟ್ಟದ್ದು."

ಬಂದವರು ನನ್ನ ಕಡೆ ನೋಡುತ್ತಾರೆ. ಫೋನು ಕೈಯಿಂದ ಕೈಗೆ ದಾಟಿ ನನ್ನ ಹತ್ತಿರವೂ ಬರುತ್ತದೆ. ನೀಲಿ ತಟ್ಟೆ ಹಿಡಿದು ಭಾವ ನಗುತ್ತಿರುತ್ತಾರೆ. ಹೌದು, ಕಡಿಮೆಯಾಗಿತ್ತು ಎಂದು ಹೇಳಿ ನಾನು ಫೋನನ್ನು ಅಕ್ಕನ ಕೈಗೆ ಕೊಡುತ್ತೇನೆ.