ಚಾಚಾ ಸುತ್ತಿಕೊಟ್ಟ ಮೊದಲ ಸುರುಳಿ

ಮೆಹಬೂಬ್ ಚಾಚಾ ಸುತ್ತಿಕೊಟ್ಟ ಮೊದಲ ತಂತಿಸುರುಳಿಯಲ್ಲಿ ಯಾವ ದೋಷವೂ ಇರಲಿಲ್ಲ. ದೋಷ ನನ್ನದು. ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ — ಆರು ವರ್ಷ.

ಆಗ ಬಳ್ಳಾರಿಯ ಕಂಟೋನ್ಮೆಂಟ್ ಹತ್ತಿರದ ಕಾಲೇಜೊಂದರಲ್ಲಿ ಸಂಶೋಧನೆ ಮಾಡುತ್ತಿದ್ದೆ. ಬೆರಳುದ್ದದ ಗಾಜಿನ ಸೀಸೆಯೊಳಗೆ ರುಬಿಡಿಯಂ ಲೋಹದ ಆವಿ. ಅದರ ಮೇಲೆ ಲೇಸರ್ ಬೆಳಕು ಬಿಟ್ಟರೆ, ಸುತ್ತಲಿನ ಕಾಂತಕ್ಷೇತ್ರ ಎಷ್ಟೆಂದು ಆ ಪರಮಾಣುಗಳೇ ಹೇಳುತ್ತವೆ. ಆದರೆ ಮೊದಲು ಭೂಮಿಯ ಕಾಂತಕ್ಷೇತ್ರವನ್ನು ಅಲ್ಲಿಂದ ಅಳಿಸಬೇಕು. ಅದಕ್ಕೆ ಸೀಸೆಯ ಸುತ್ತ ತಾಮ್ರದ ಸುರುಳಿ ಬೇಕು, ಒಂದು ಎಳೆಯೂ ಓರೆಯಾಗದಂಥದ್ದು. ಸಿರುಗುಪ್ಪದಲ್ಲಿ ಪಂಪ್‌ಸೆಟ್ ಮೋಟಾರುಗಳ ರಿವೈಂಡಿಂಗ್ ಮಾಡುತ್ತಿದ್ದ ಚಾಚಾ ಅದನ್ನು ಮಾಡಿಕೊಟ್ಟರು.

ಅಳತೆ ತಪ್ಪು ಬಂತು. ದಿನವೂ ಅಷ್ಟೇ ತಪ್ಪು. ಮಾರ್ಗದರ್ಶಕರು ಕಾರಣ ಕೇಳಿದಾಗ, ಸುರುಳಿ ಹೇಗಿದೆಯೆಂದು ನೋಡಲು ಬಂದಿದ್ದ ಚಾಚಾ ಅಲ್ಲೇ ನಿಂತಿದ್ದರು.

“ಸುತ್ತಿದ್ದು ಸರಿಯಿಲ್ಲ ಸರ್,” ಅಂದೆ. ಪರೀಕ್ಷಿಸಿ ನೋಡಿರಲಿಲ್ಲ — ಸುಮ್ಮನೆ ಅಂದುಬಿಟ್ಟೆ.

“ಕಣ್ಣು ಮೋಸ ಮಾಡ್ಯಾವೇನೋ ಬಿಡಮ್ಮಾ. ಮತ್ತ ಸುತ್ತಿ ಕೊಡ್ತೀನಿ.” ಚಾಚಾ ಸುರುಳಿಯನ್ನು ಟವೆಲ್ಲಿನಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದರು.

ಮರುದಿನವೇ ಕಾರಣ ಸಿಕ್ಕಿತು. ಸೀಸೆಯನ್ನು ಬೆಚ್ಚಗಿಡುವ ಹೀಟರನ್ನು ಅಳತೆಯ ಹೊತ್ತಿಗೆ ಆರಿಸಬೇಕಿತ್ತು. ನಾನು ಬರೆದ ಪ್ರೋಗ್ರಾಮು ಅದನ್ನು ಆರಿಸುತ್ತಲೇ ಇರಲಿಲ್ಲ. ಹೀಟರಿನ ವಿದ್ಯುತ್ತೇ ಕಾಂತಕ್ಷೇತ್ರ ಹುಟ್ಟಿಸಿ ಅಳತೆ ಕೆಡಿಸುತ್ತಿತ್ತು. ಒಂದು ಸಾಲು ತಿದ್ದಿದೆ. ಸಿರುಗುಪ್ಪಕ್ಕೆ ಒಂದು ಫೋನ್ ಮಾಡಿದ್ದರೆ... ಮಾಡಲಿಲ್ಲ. ಮಾರ್ಗದರ್ಶಕರ ಮುಂದೆ ಸಣ್ಣವಳಾಗುತ್ತೇನೆಂಬ ಹೆದರಿಕೆ. ಅಷ್ಟೇ.

ಚಾಚಾ ಹತ್ತು ದಿನ ಕೂತು ಎಲ್ಲ ಬಿಚ್ಚಿ ಮತ್ತೆ ಸುತ್ತಿ ತಂದರು. ಅಳತೆ ಸರಿ ಬಂತು. “ಈ ಸಲ ಚೆನ್ನಾಗಿ ಸುತ್ತಿದ್ದೀರಿ,” ಎಂದು ಮಾರ್ಗದರ್ಶಕರು ಹೊಗಳಿದರು. ನಾನೂ ತಲೆಯಾಡಿಸಿದೆ — ತಲೆಯಾಡಿಸಿದೆ!

ಕೆಲವು ತಿಂಗಳ ಮೇಲೆ, ಚಾಚಾ ರಿವೈಂಡಿಂಗ್ ಅಂಗಡಿ ಮುಚ್ಚಿ ಕುರುಗೋಡಿನ ಮಗಳ ಮನೆ ಸೇರಿದರೆಂದು ಕೇಳಿದೆ. ಏಕೆಂದು ವಿಚಾರಿಸುವ ಧೈರ್ಯವಾಗಲಿಲ್ಲ.

ಕಳೆದ ತಿಂಗಳು ಕುರುಗೋಡಿಗೆ ಹೋಗಿ ಚಾಚಾಗೆ ಎಲ್ಲವನ್ನೂ ಹೇಳಿದೆ.

“ಹಂಗಾರ ನನ್ನ ಕೆಲಸ ಕೆಟ್ಟಿರಲಿಲ್ಲೇನಮ್ಮಾ?”

“ಇಲ್ಲ ಚಾಚಾ.”

“ಕೆಟ್ಟೈತಿ ಅಂತ ತಿಳ್ಕೊಂಡು ಅಂಗಡಿ ಮುಚ್ಚಿದೆ. ಆಗ ಹೇಳಿದ್ರ ಇನ್ನಾ ನಾಕು ವರ್ಷ ದುಡೀತಿದ್ದೆ.”

ಅವರು ಎದ್ದು ಒಳಗೆ ಹೋದರು. ಮಗಳು ಚಹಾ ಹಿಡಿದು ಬಾಗಿಲಲ್ಲೇ ನಿಂತಿದ್ದಳು. “ಇವತ್ತು ಹೋಗಿ ಬರ್ರಿ ಅಕ್ಕಾ,” ಅಂದಳು.

ಮಾರ್ಗದರ್ಶಕರಿಗೂ ನಿಜ ಬರೆದು ತಿಳಿಸಿದ್ದೇನೆ. ಚಾಚಾರ ಬಳಿ ಕ್ಷಮೆ ಕೇಳಿಲ್ಲ — ಕ್ಷಮಿಸಲೇಬೇಕೆಂಬ ಇನ್ನೊಂದು ಭಾರವನ್ನು ಆ ಮನುಷ್ಯನ ಮೇಲೆ ಹೊರಿಸಲಾರೆ.