ಬಾವನ ಕೈಗೆ ಕೊಟ್ಟ ಪಾರ್ಸೆಲ್

ಓಣಿಯವರು ಅವಳನ್ನು ಉಳಿಯಮ್ಮ ಎಂದೇ ಕರೆಯುತ್ತಾರೆ. ಅಪ್ಪ ಬಡಗಿ. ಮೇಜು ಕುರ್ಚಿ ಮಾಡಿ ಮಿಕ್ಕ ಮರದ ತುಂಡುಗಳನ್ನು ಚಿಕ್ಕ ಮಗಳ ಮುಂದೆ ಸುರಿದು ಆಡಿಕೋ ಎನ್ನುತ್ತಿದ್ದ. ಆ ಆಟ ಅವಳಿಗೆ ಇನ್ನೂ ಮುಗಿದಿಲ್ಲ. ಮದುವೆ ಒಲ್ಲೆ ಎಂದಳು. ಹಿಂದಿನ ಕೋಣೆಯಲ್ಲಿ ಕಿಟಕಿಗೆ ಒತ್ತಿ ಅಪ್ಪನ ಹಳೇ ಬೆಂಚು ಹಾಕಿಕೊಂಡು ಹಕ್ಕಿ ಕೆತ್ತುತ್ತಾ ಕೂತಳು. ಗುಬ್ಬಿ, ಗೂಬೆ, ಮರಕುಟಿಗ, ಮಿಂಚುಳ್ಳಿ. ಅವಳ ಹಕ್ಕಿಗಳ ಕಣ್ಣು ನೋಡಿದವರು ಜೀವ ಇದೆಯೇನೋ ಎಂದು ಬೆರಳಿನಿಂದ ಮುಟ್ಟಿ ನೋಡುತ್ತಿದ್ದರು. ನೆಲದ ತುಂಬ ಮರದ ಹೊಟ್ಟು, ಗೋಡೆಗೆ ಒರಗಿಸಿದ ರಟ್ಟಿನ ಪೆಟ್ಟಿಗೆಗಳು, ಬಾಗಿಲ ಮೊಳೆಗೆ ನೇತುಹಾಕಿದ ಅಂಟುಟೇಪಿನ ಸುರುಳಿ. ಇದೇ ಅವಳ ಅಂಗಡಿ. ಮೊಬೈಲಿನಲ್ಲಿ ಫೋಟೋ ಹಾಕಿದರೆ ದೂರದೂರದವರು ಕೊಳ್ಳುತ್ತಿದ್ದರು.

ಮೆಟ್ಟಿಲಿಂದ ಬಿದ್ದು ಮೊಣಕಾಲು ಕೆಟ್ಟ ಮೇಲೆ ಪಾರ್ಸೆಲ್ಲುಗಳನ್ನು ಅಂಚೆ ಕಚೇರಿಗೆ ಒಯ್ಯುವ ಕೆಲಸವನ್ನು ಬಾವ ವಹಿಸಿಕೊಂಡ. ಎರಡು ಓಣಿ ಆಚೆ ಇದ್ದ ಅಕ್ಕನ ಗಂಡ. ವಿಮೆ ಏಜೆಂಟನಾಗಿ ಊರೆಲ್ಲ ಸುತ್ತಿ ಈಗ ಮನೆಯಲ್ಲಿ ಕೂತವನು. ಬಣ್ಣ ಹಚ್ಚಿದ ಮೀಸೆ, ಬಾಗಿದ ಮೂಗು, ಮೂಗಿನ ತುದಿಗೆ ಜಾರಿದ ಕನ್ನಡಕ. ಬಾಯಿ ತೆರೆದರೆ ಬುದ್ಧಿಮಾತು.

ಪಾರ್ಸೆಲ್ಲಿಗೆ ಟ್ರ್ಯಾಕಿಂಗ್ ಹಾಕಿಸೋಣವೇ, ವಿಮೆ ಮಾಡಿಸೋಣವೇ ಎಂದು ಅವಳು ಮೊದಲೇ ಕೇಳಿದ್ದಳು. ಬಾವ ನಕ್ಕುಬಿಟ್ಟ. "ನಾನು ಜೀವನಪೂರ್ತಿ ಇನ್ಶೂರೆನ್ಸ್ ಮಾರಿದವನು, ನಾನೇ ಹೇಳ್ತಿದೀನಿ ಕೇಳಮ್ಮಾ. ಅದು ಹೆದರೋರ ದುಡ್ಡು ತಿನ್ನೋ ದಂಧೆ. ಮರದ ಗುಬ್ಬಿಗ್ಯಾಕೆ ಅದೆಲ್ಲ?" ಎಂದ. ಅಕ್ಕನೂ ಹೌದು ಹೌದು ಎಂದಳು.

ಆಮೇಲೆ ಪಾರ್ಸೆಲ್ಲುಗಳು ಕಳೆಯತೊಡಗಿದವು. ಎಲ್ಲವೂ ಅಲ್ಲ, ಆಗೊಂದು ಈಗೊಂದು. ಕಳೆದದ್ದೆಲ್ಲ ದೊಡ್ಡ ಹಕ್ಕಿಗಳೇ ಎಂಬುದು ಅವಳಿಗೆ ಆಗ ಹೊಳೆಯಲಿಲ್ಲ. ಕೊಂಡವರು ಬೈದರು. ಅವಳು ಕೈಯಿಂದ ಹಣ ವಾಪಸು ಕೊಟ್ಟಳು. ಒಬ್ಬರಂತೂ ಅವಳ ಪುಟದಲ್ಲಿ 'ಮೋಸಗಾತಿ' ಎಂದು ಬರೆದು ಹೋದರು. ಅಂಚೆಯವರೇ ಕಳ್ಳರು ಎಂದು ಬಾವ ಅಂಚೆಯವರಿಗೆ ಹಿಡಿಶಾಪ ಹಾಕಿದ. ಅವಳು ನಂಬಿದಳು.

ಹೀಗಿರುವಾಗ ಒಬ್ಬ ಹೆಂಗಸು ಮಿಂಚುಳ್ಳಿ ಕೇಳಿದಳು. ಅವಳ ಅಪ್ಪ ಹಾಸಿಗೆ ಹಿಡಿದಿದ್ದ, ಹೊಳೆ ದಂಡೆಯಲ್ಲಿ ಬೆಳೆದ ಮನುಷ್ಯ, ದಿನಾ ಮಿಂಚುಳ್ಳಿಯ ಮಾತೇ. ತಲೆದಿಂಬಿನ ಹತ್ತಿರ ಇಡಬೇಕು, ಬೇಗ ಬೇಕು, ಟ್ರ್ಯಾಕಿಂಗಿನ ಖರ್ಚು ನಾನೇ ಕೊಡುತ್ತೇನೆ ಎಂದು ಬರೆದಿದ್ದಳು. ಉಳಿಯಮ್ಮ ಬೇರೆಲ್ಲ ಕೆಲಸ ಬಿಟ್ಟು ಅದನ್ನು ಕೆತ್ತಿದಳು. ನೀರಿಗೆ ಎರಗುವ ಮುಂಚಿನ ಕ್ಷಣದಲ್ಲಿ ಮೈ ಬಿಗಿಹಿಡಿದ ಹಕ್ಕಿ. ಇನ್ನೆರಡು ಪಾರ್ಸೆಲ್ಲುಗಳ ಜೊತೆ ಬಾವನ ಕೈಗಿತ್ತಳು, ಟ್ರ್ಯಾಕಿಂಗಿನ ಹಣವನ್ನೂ ಕೊಟ್ಟಳು.

ನಂಬರು ಬರಲಿಲ್ಲ. ಮೆಷಿನ್ ಕೆಟ್ಟಿದೆಯಂತೆ, ಆಮೇಲೆ ಕೊಡುತ್ತಾರಂತೆ ಎಂದ ಬಾವ. ಆ ಹೆಂಗಸು ದಿನಾ ಕೇಳುತ್ತಿದ್ದಳು. ಕಡೆಗೆ ಉಳಿಯಮ್ಮ ಕೋಲು ಊರಿಕೊಂಡು ತಾನೇ ಅಂಚೆ ಕಚೇರಿಗೆ ಹೋದಳು. ಕೌಂಟರಿನಲ್ಲಿದ್ದವನು ಕಂಪ್ಯೂಟರಿನಲ್ಲಿ ಹುಡುಕಿ ತಲೆ ಅಲ್ಲಾಡಿಸಿದ. ಮೆಷಿನ್ ಯಾವತ್ತೂ ಕೆಟ್ಟಿರಲಿಲ್ಲ. ಆ ದಿನ ನಿಮ್ಮವರು ತಂದದ್ದು ಎರಡೇ ಪಾರ್ಸೆಲ್, ಎರಡೂ ಸಾದಾ, ಎಂದ.

ವಾಪಸು ಬರುವಾಗ ಕಾಲು ನೋವಿಗೆ ಬಸ್‌ಸ್ಟ್ಯಾಂಡಿನಲ್ಲಿ ಕೂತಳು. ಎದುರಿಗಿದ್ದ ಉಡುಗೊರೆ ಅಂಗಡಿಯ ಗಾಜಿನ ಹಿಂದೆ ಅವಳ ಮಿಂಚುಳ್ಳಿ ಇತ್ತು.

ಅಂಗಡಿಯವನು ಒಳ್ಳೆಯ ಮನುಷ್ಯ, ಮಾತಿನ ಮಲ್ಲ. ಇದನ್ನು ಕೆತ್ತಿದವರು ಯಾರು ಎಂದು ಕೇಳಿದ್ದೇ ತಡ, ಶುರುಮಾಡಿದ. ಇಲ್ಲೇ ಒಬ್ಬರು ಹಿರಿಯರಿದ್ದಾರೆ, ಮೀಸೆ ಕನ್ನಡಕದವರು, ಮಹಾ ಕಲಾವಿದರು. ಹಕ್ಕಿಗೆ ಏಟು ಬಿದ್ದೀತೆಂದು ಪೆಟ್ಟಿಗೆಯನ್ನು ತಾವು ಬಿಚ್ಚುವುದೂ ಇಲ್ಲ, ಹಾಗೇ ತಂದುಕೊಡುತ್ತಾರೆ. "ಒಂದೊಂದು ಹಕ್ಕಿಗೂ ಕಣ್ಣು ಬಿಡಿಸೋವಾಗ ಉಸಿರು ಹಿಡ್ಕೋತಾರಂತೆ ಅಮ್ಮಾ. ಅವರೇ ಹೇಳಿದ್ರು."

ಉಸಿರು ಹಿಡಿಯುವುದು ಅವಳು. ಬಾವ ಬಾಗಿಲಲ್ಲಿ ನಿಂತು ನೋಡಿದ್ದ, ಅಷ್ಟೇ. ಹಣ ಹೋದದ್ದಕ್ಕೆ ಬರದ ಸಿಟ್ಟು ಆ ಮಾತಿಗೆ ಬಂತು. ಕೈ ಕೆಸರು ಅವಳದು, ಬಾಯಿ ಮೊಸರು ಅವನದು. ತಾನು ಯಾರೆಂದು ಹೇಳದೆ, ಕೇಳಿದಷ್ಟು ಕೊಟ್ಟು, ತನ್ನ ಹಕ್ಕಿಯನ್ನು ತಾನೇ ಕೊಂಡುಕೊಂಡಳು. ಅಲ್ಲಿಂದಲೇ ಮತ್ತೆ ಅಂಚೆ ಕಚೇರಿಗೆ ಕುಂಟುತ್ತಾ ಹೋಗಿ ಟ್ರ್ಯಾಕಿಂಗ್ ಹಾಕಿಸಿ, ವಿಮೆ ಮಾಡಿಸಿ, ಕಳಿಸಿದಳು. ಹಕ್ಕಿ ಊರಿಂದೂರಿಗೆ ದಾಟುವುದನ್ನು ಮೊಬೈಲಿನಲ್ಲಿ ನೋಡುತ್ತಲೇ ಇದ್ದಳು. ತಲುಪಿತು ಎಂದು ಬಂದಾಗ ಅವಳಿಗೆ ಅಳು ಬಂತು. ಅದರ ಹಿಂದೆಯೇ ಆ ಹೆಂಗಸಿನ ಉತ್ತರ ಬಂತು: "ಹಕ್ಕಿ ತುಂಬಾ ಚೆನ್ನಾಗಿದೆ. ಅಪ್ಪ ಹೋದ ವಾರ ತೀರಿಹೋದರು."

ಬಾವನನ್ನು ಕರೆದು ನಾಲ್ಕು ಮಾತು ಬೈದು ಬಿಡಬೇಕೆಂದಿದ್ದವಳು ಆ ಸಾಲು ಓದಿ ಮನಸ್ಸು ಬದಲಿಸಿದಳು. ಬೈದರೆ ಅವನು ಕಾಲು ಹಿಡಿಯುತ್ತಾನೆ, ಅಕ್ಕ ಸೆರಗೊಡ್ಡುತ್ತಾಳೆ, ಅಲ್ಲಿಗೆ ಮುಗಿಯುತ್ತದೆ. ಅಷ್ಟಕ್ಕೆ ಮುಗಿಯುವುದು ಅವಳಿಗೆ ಬೇಕಿರಲಿಲ್ಲ.

ಬಾಗಿಲು ಹಾಕಿಕೊಂಡು ರಣಹದ್ದು ಕೆತ್ತಿದಳು. ಮೈಯೆಲ್ಲ ಹದ್ದು, ಮುಖ ಬಾವನದು. ಕೊಕ್ಕಿನ ಜಾಗದಲ್ಲಿ ಆ ಬಾಗಿದ ಮೂಗು, ಅದರಡಿ ಮೀಸೆ, ತುದಿಗೆ ಜಾರಿದ ಕನ್ನಡಕ. ಉಗುರಿನ ಕೆಳಗೊಂದು ಸಣ್ಣ ಪೆಟ್ಟಿಗೆ. ಇಷ್ಟು ಖುಷಿಯಿಂದ ಅವಳು ಯಾವ ಹಕ್ಕಿಯನ್ನೂ ಕೆತ್ತಿರಲಿಲ್ಲ. ಇಲ್ಲದ ಊರಿನ ಇಲ್ಲದ ವಿಳಾಸ ಬರೆದು ಬಾವನನ್ನು ಕರೆಸಿದಳು. ದೊಡ್ಡ ಗಿರಾಕಿ, ಭಾರೀ ಬೆಲೆಯದು ಎಂದಳು. ಟ್ರ್ಯಾಕಿಂಗ್ ಏನಾದರೂ ಎಂದು ಅವನೇ ರಾಗ ಎಳೆದ.

"ಬೇಡ ಬಾವ. ನೀವಿರೋವಾಗ ಅದೆಲ್ಲ ಯಾಕೆ?" ಎಂದಳು.

ಅವನು ಪೆಟ್ಟಿಗೆಯನ್ನು ಕೂಸಿನಂತೆ ಎತ್ತಿಕೊಂಡು ಹೋದ.

ಮೂರ್ನಾಲ್ಕು ದಿನ ಬಿಟ್ಟು, ಕಾಲು ತೋರಿಸಲು ಆಸ್ಪತ್ರೆಗೆ ಹೋಗಬೇಕು, ಇಬ್ಬರೂ ಜೊತೆಗೆ ಬನ್ನಿ ಎಂದು ಅಕ್ಕನಿಗೆ ಹೇಳಿಕಳಿಸಿದಳು. ಆಟೋ ಮಾಡೋಣ, ಬಸ್‌ಸ್ಟ್ಯಾಂಡಿನಲ್ಲಿ ಧೂಳು ಎಂದು ಬಾವ ಎಷ್ಟು ಹೇಳಿದರೂ ಕೇಳಲಿಲ್ಲ.

ಅಂಗಡಿಯ ಗಾಜಿನ ಮುಂದೆ ಜನ ಗುಂಪುಗೂಡಿ ನಗುತ್ತಿದ್ದರು. ಅಂಗಡಿಯವನು ಬಾವನನ್ನು ಕಂಡು ಓಡಿಬಂದು ಕೈ ಹಿಡಿದ. "ಸಾರ್, ದೊಡ್ಡ ಮನಸ್ಸು ನಿಮ್ದು. ತಮ್ಮನ್ನೇ ಹದ್ದು ಮಾಡ್ಕೊಂಡು ನಗೋರು ಎಷ್ಟು ಜನ ಇದಾರೆ ಹೇಳಿ? ಇದನ್ನ ಮಾತ್ರ ನಾನು ಮಾರಲ್ಲ."

ಬಾವನಿಗೆ ಅದು ನುಂಗಲಾರದ, ಉಗುಳಲಾರದ ತುತ್ತಾಯಿತು. ನಾನು ಕೆತ್ತಿದ್ದಲ್ಲ ಎಂದರೆ ಕಳ್ಳ, ಕೆತ್ತಿದ್ದು ನಾನೇ ಎಂದರೆ ಪಕ್ಕದಲ್ಲಿ ಹೆಂಡತಿ. ಅಕ್ಕ ಹದ್ದನ್ನು ನೋಡಿದಳು, ಗಂಡನನ್ನು ನೋಡಿದಳು, ಆಮೇಲೆ ತಂಗಿಯ ಕೈಗಳನ್ನು ನೋಡಿದಳು.

"ಇದನ್ನ ನೀವು ಕೆತ್ತಿದ್ರಾ?" ಎಂದು ಮೆಲ್ಲಗೆ ಕೇಳಿದಳು.

ಉಳಿಯಮ್ಮ ಮಾತಾಡಿದಳು. ದನಿ ಏರಿಸದೆ, ಆದರೆ ಅಲ್ಲಿದ್ದವರಿಗೆಲ್ಲ ಕೇಳುವಂತೆ. "ಬಾವ, ಮಿಂಚುಳ್ಳಿ ಬರುತ್ತೆ ಬರುತ್ತೆ ಅಂತ ಕಾಯ್ತಾ ಒಬ್ಬರು ಸತ್ತುಹೋದ್ರು. ಆ ದಿನ ಅದು ಈ ಗಾಜಿನ ಹಿಂದೆ ಇತ್ತು. ಕಣ್ಣು ಬಿಡಿಸೋವಾಗ ನೀವು ಉಸಿರು ಹಿಡಿದಿದ್ರಂತೆ."

ಅಂಗಡಿಯವನು ಹಿಡಿದ ಕೈ ಬಿಟ್ಟ. ನಗು ನಿಂತಿತು. ಆಸ್ಪತ್ರೆಯ ಬಸ್ಸು ಬಂತು, ಅಕ್ಕತಂಗಿಯರು ಹತ್ತಿದರು. ಬಾವ ಹತ್ತಲಿಲ್ಲ.

ಈಗ ಅವಳು ಟ್ರ್ಯಾಕಿಂಗ್, ವಿಮೆ ಇಲ್ಲದೆ ಒಂದು ಗುಬ್ಬಿಯನ್ನೂ ಕಳಿಸುವುದಿಲ್ಲ. ಬೆಲೆ ಏರಿತೆಂದು ಕೆಲವು ಗಿರಾಕಿಗಳು ಬಿಟ್ಟುಹೋದರು, ಹೋಗಲಿ ಎಂದಳು. ಆನ್‌ಲೈನಿನಲ್ಲಿ ಬುಟ್ಟಿ ಮಾರುವ ನೆರೆಮನೆಯವಳು ಸಣ್ಣಪುಟ್ಟದ್ದಕ್ಕೆ ಅದೆಲ್ಲ ಯಾಕೆ ಎಂದು ಕೇಳಿದಾಗ, "ವಿಮೆ ದುಡ್ಡು ಕೊಡುತ್ತೆ. ಟ್ರ್ಯಾಕಿಂಗ್ ಯಾರ ಮೇಲೆ ಸಿಟ್ಟು ಮಾಡ್ಕೋಬೇಕು ಅಂತ ಹೇಳುತ್ತೆ. ನಂಗೆ ಎರಡನೇದೇ ಮುಖ್ಯ" ಎಂದಳು.

ಬಾವನನ್ನು ಊರವರು ಹದ್ದಿನವರು ಎನ್ನುತ್ತಾರೆ. ಹದ್ದು ಇನ್ನೂ ಅಂಗಡಿಯ ಗಾಜಿನ ಹಿಂದೆಯೇ ಇದೆ. ಅವನು ಬಸ್‌ಸ್ಟ್ಯಾಂಡ್ ತಪ್ಪಿಸಲು ಸುತ್ತುದಾರಿ ಹಿಡಿಯುತ್ತಾನೆ. ಅಕ್ಕ ಬಹಳ ಕಾಲ ತಂಗಿಯ ಮನೆ ಕಡೆ ತಲೆ ಹಾಕಲಿಲ್ಲ. ಒಂದು ಮಧ್ಯಾಹ್ನ ಬಂದು ಬೆಂಚಿನ ಪಕ್ಕ ನಿಂತಳು.

"ಮೊದಲು ನಂಗೆ ಹೇಳಬಹುದಿತ್ತಲ್ಲೇ."

"ಹೇಳಿದ್ರೆ ನೀನು ಕ್ಷಮಿಸಿಬಿಡ್ತಿದ್ದೆ ಅಕ್ಕ. ನಾನೂ ಕ್ಷಮಿಸೋ ಹಾಗೆ ಮಾಡ್ತಿದ್ದೆ."

ಅಕ್ಕ ಹೊಟ್ಟು ಮೆತ್ತಿದ ಸೆರಗು ಕೊಡವಿಕೊಂಡು, ಆ ಹದ್ದನ್ನು ಅಲ್ಲಿಂದ ತೆಗೆಸು, ನನಗೋಸ್ಕರ, ಎಂದಳು. ಚಿಕ್ಕಂದಿನಿಂದ ಅಕ್ಕ ಕೇಳಿದ್ದನ್ನು ಇಲ್ಲವೆಂದವಳಲ್ಲ ಉಳಿಯಮ್ಮ. ಕೈಯಲ್ಲಿದ್ದ ಮರಕುಟಿಗದ ರೆಕ್ಕೆಯನ್ನು ಉಜ್ಜುತ್ತಲೇ, ತಲೆ ಎತ್ತದೆ, ಇಲ್ಲ ಎಂದಳು.