ಮೀಸೆ ಮಾವನ ಸಮಾಜಸೇವೆ

ಬೀದಿಯವರೆಲ್ಲ ಅವರನ್ನು ಮೀಸೆ ಮಾವ ಎಂದೇ ಕರೆಯುತ್ತಿದ್ದರು. ಕೋರ್ಟಿನ ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರು ಕೂಗುವುದು ಅವರ ನೌಕರಿ. ಅವರು ಕೂಗಿದರೆ ಎದುರಿನ ಕ್ಯಾಂಟೀನಿನಲ್ಲಿ ಕುಳಿತ ವಕೀಲರ ಕೈಯ ಲೋಟ ಅಲುಗುತ್ತಿತ್ತು. ನಿವೃತ್ತಿಯಾದ ಮೇಲೆ ಕೂಗಲು ಹೆಸರಿಲ್ಲ, ಓಗೊಡಲು ಜನರಿಲ್ಲ. ಮನೆಯಲ್ಲಿದ್ದದ್ದು ಹೆಂಡತಿಯೊಬ್ಬರೇ. ಅವರೋ, ಒಂದು ಕೇಳಿದರೆ ಇನ್ನೊಂದು ಹೇಳುವವರು. ಎಷ್ಟೋ ಸಲ ಏನೂ ಹೇಳದೆ ಎದ್ದು ಹೋಗುವವರು. ಸಂಬಳ ನಿಂತ ಕೂಡಲೇ ಇವಳಿಗೆ ಗಂಡ ಬೇಡವಾದ ಎಂದು ಮಾವ ತೀರ್ಪು ಕೊಟ್ಟುಬಿಟ್ಟರು. ಆರೋಪಿಯನ್ನು ವಿಚಾರಿಸುವ ಗೋಜಿಗೆ ಹೋಗಲಿಲ್ಲ.

ತಮ್ಮ ಮಾತು ಕೇಳಲು ಒಂದು ಜೀವವಾದರೂ ಬೇಕಲ್ಲ! ಆಗ ಸಿಕ್ಕಿದ್ದು ಕಿವಿ ಮಂದವಾದವರ ಸಂಘ. ಎದುರಿಗಿರುವವರ ತುಟಿ ನೋಡಿ ಮಾತು ತಿಳಿಯುವುದನ್ನು ಅಲ್ಲಿ ಕಲಿಸುತ್ತಿದ್ದರು. ಅಭ್ಯಾಸಕ್ಕೆಂದು ಕುಳಿತು ಮಾತಾಡಲು ಸ್ವಯಂಸೇವಕರು ಬೇಕಿತ್ತು. ಮಾವನಿಗೆಂದೇ ಹೇಳಿ ಮಾಡಿಸಿದಂಥ ಸೇವೆ! ಇಲ್ಲಿ ಯಾರೂ ಅರ್ಧಕ್ಕೆ ಎದ್ದು ಹೋಗುವಂತಿಲ್ಲ, ಮುಖ ತಿರುಗಿಸುವಂತಂತೂ ಇಲ್ಲವೇ ಇಲ್ಲ.

ಮೊದಲ ದಿನ ಮಾವ ಕೋರ್ಟಿನ ದನಿಯಲ್ಲೇ ಶುರುಮಾಡಿದರು. ಎದುರಿಗಿದ್ದ ನಿವೃತ್ತ ನರ್ಸ್ ತಣ್ಣಗೆ ಕಿವಿಯ ಮೆಷಿನ್ ತೆಗೆದು ಪರ್ಸಿಗೆ ಹಾಕಿಕೊಂಡರು. ಸ್ವಲ್ಪ ಹೊತ್ತು ಮಾವನ ಮುಖವನ್ನೇ ದಿಟ್ಟಿಸಿದರು.

"ಸಾರ್, ಇಷ್ಟು ಹೊತ್ತು ನಿಮ್ಮ ಮೀಸೆ ಮಾತಾಡ್ತು. ನೀವು ಯಾವಾಗ ಶುರು ಮಾಡ್ತೀರಿ?"

ಸಂಘದ ಮೇಡಂ ನಗು ತಡೆದುಕೊಂಡು ಮಾವನನ್ನು ಪಕ್ಕಕ್ಕೆ ಕರೆದರು. "ತುಟಿ ಕಾಣಬೇಕು ಸಾರ್. ಮೀಸೆ ತೆಗೆಸಿ. ಆಗಲ್ಲ ಅಂದ್ರೆ ಕುರ್ಚಿ ಜೋಡಿಸೋ ಕೆಲಸ ಇದೆ."

ಕುರ್ಚಿಗಳ ಮುಂದೆ ಮಾತಾಡಿ ಏನು ಬಂತು! ವಾರವಿಡೀ ಕನ್ನಡಿಯೆದುರು ಒದ್ದಾಡಿದ ಮಾವ ಕೊನೆಗೆ ಕ್ಷೌರದಂಗಡಿಯಲ್ಲಿ ಕಣ್ಣು ಮುಚ್ಚಿ ಕುಳಿತರು. ಸಮಾಜಕ್ಕಾಗಿ ಇಷ್ಟು ದೊಡ್ಡ ತ್ಯಾಗ ಮಾಡಿದವರು ಇಡೀ ಬೀದಿಯಲ್ಲಿ ಇನ್ನೊಬ್ಬರಿಲ್ಲ ಎಂದು ತಮಗೆ ತಾವೇ ಹೇಳಿಕೊಳ್ಳುತ್ತ ಮನೆಗೆ ಬಂದರು.

ಹೆಂಡತಿ ಒಗೆದ ಬಟ್ಟೆ ಮಡಿಸುತ್ತಿದ್ದರು. ತಲೆಯೆತ್ತಿ ನೋಡಿದರು, ನೋಡುತ್ತಲೇ ಇದ್ದರು, ಒಂದು ಮಾತೂ ಆಡಲಿಲ್ಲ. ಮಾವನಿಗೆ ರೇಗಿತು. ಎಂದಿನಂತೆ ಬಾಯೊಳಗೇ ಗೊಣಗಿದರು.

"ಈ ಮನೇಲಿ ಗೋಡೆಗೆ ಹೇಳೋದೂ ಒಂದೇ, ನಿನಗೆ ಹೇಳೋದೂ ಒಂದೇ."

"ಗೋಡೆಗೆ ಕಣ್ಣಿಲ್ಲ. ನನಗಿದೆ" ಅಂದರು ಹೆಂಡತಿ.

ಮಾವ ಒಂದು ಹೆಜ್ಜೆ ಹತ್ತಿರ ಬಂದರು. ದನಿಯೇ ಹೊರಡದ ಗೊಣಗಾಟ ಇವಳಿಗೆ ತಿಳಿದದ್ದು ಹೇಗೆ? ಆಗ ಗಮನಿಸಿದರು: ಹೆಂಡತಿಯ ದೃಷ್ಟಿ ಅವರ ಕಣ್ಣಿನ ಮೇಲಿರಲಿಲ್ಲ, ತುಟಿಯ ಮೇಲಿತ್ತು.

"ನಿನಗೆ... ಕಿವಿ ಕೇಳಿಸಲ್ವಾ?"

"ಎಷ್ಟು ಸಲ ಹೇಳಿದೀನಿ! ಏನು ಅಂತ ಕೇಳಿದ್ರೆ ಸಾಕು, ನೀವು ಕೂಗೋಕೆ ಶುರು. ಕೂಗಿದ್ರೆ ಸದ್ದು ಬರುತ್ತೆ ಕಣ್ರೀ, ಮಾತು ಬರಲ್ಲ."

ಊರಿನವರಿಗಾಗಿ ಮೀಸೆ ಬೋಳಿಸಿಕೊಂಡ ಮಹಾನುಭಾವರಿಗೆ ತಲೆಯೆತ್ತಲಾಗಲಿಲ್ಲ. ಇಷ್ಟು ದಿನ ಒಂದೇ ಸೂರಿನಡಿ ಇವಳು ಒಬ್ಬಳೇ ಇದ್ದಳಲ್ಲ ಎಂದು ಸಂಕಟವಾಯಿತು. ಬಟ್ಟೆಯ ರಾಶಿ ಸರಿಸಿ ಹೆಂಡತಿಯ ಎದುರು ಕುಳಿತರು. ಬೆಳಕಿಗೆ ಮುಖ ತಿರುಗಿಸಿ, ದನಿಯೇ ಇಲ್ಲದೆ, ಬರೀ ತುಟಿಯಲ್ಲಿ "ತಪ್ಪಾಯ್ತು" ಅಂದರು.

ಹೆಂಡತಿ ಅಲ್ಲಾಡದೆ ನೋಡುತ್ತಿದ್ದರು.

"ಅರ್ಥ ಆಗ್ಲಿಲ್ವಾ?"

"ಆಯ್ತು. ಇನ್ನೊಂದ್ಸಲ ಹೇಳಿ, ನೋಡೋಣ."